ಭಿನ್ನಮತಕ್ಕೆ ನಿವೃತ್ತಿಯೊಂದೇ ದಾರಿಯಾದಾಗ

ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ, ಕೊಸಸ್ತಲೈಯಾರ್ ನದಿ ಸಮುದ್ರ ಸೇರುವ ಅಳಿವೆಯ ಬಳಿ ದೊಡ್ಡ ಬಂದರೊಂದಿದೆ. ಉಷ್ಣ ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲು ಇಳಿಸಲೆಂದು ಕಟ್ಟಿದ ಈ ಬಂದರು 2001ರಲ್ಲಿ ಕಾರ್ಯಾರಂಭ ಮಾಡಿತು. 2014ರಲ್ಲಿ ಅದಕ್ಕೆ ಕೆ. ಕಾಮರಾಜ್ ಅವರ ಹೆಸರಿಡಲಾಯಿತು. ಕಾಮರಾಜ್ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 1963ರ ಅಕ್ಟೋಬರ್ 2ರಂದು, ಯಾರೂ ಕೇಳದಿದ್ದರೂ, ಪಕ್ಷ ಕಟ್ಟುವ ಕೆಲಸಕ್ಕೆಂದು ಆ ಕುರ್ಚಿ ಬಿಟ್ಟರು.

ಕಾಮರಾಜ್ ಮುಖ್ಯಮಂತ್ರಿಯಾದದ್ದು ಕೂಡ ಇನ್ನೊಬ್ಬ ಹಿರಿಯರ ನಿರ್ಗಮನದಿಂದಲೇ. ಆಗ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಜಾರಿಗೆ ತಂದ ಪ್ರಾಥಮಿಕ ಶಿಕ್ಷಣ ಯೋಜನೆಗೆ ಕಾಂಗ್ರೆಸ್ಸಿನೊಳಗೇ ತೀವ್ರ ವಿರೋಧ ಎದ್ದಿತ್ತು. 1954ರಲ್ಲಿ ಅವರು ಆರೋಗ್ಯದ ಕಾರಣ ನೀಡಿ ಕೆಳಗಿಳಿದರು. ಆದರೆ ಐದೇ ವರ್ಷಗಳಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಸ್ವತಂತ್ರ ಪಕ್ಷ ಕಟ್ಟಿ ಊರೂರು ತಿರುಗಿದರು. ಬಿಟ್ಟವರು ಹೇಳುವ ಕಾರಣ ಒಂದು, ಬಿಡುವಂತೆ ಮಾಡಿದ ಕಾರಣ ಮತ್ತೊಂದು ಆಗಿರಬಹುದು ಎಂಬುದಕ್ಕೆ ಇದು ಹಳೆಯ ನಿದರ್ಶನ.

ಇಂದು ಪತ್ರಿಕೆಗಳಲ್ಲಿ ಹಿರಿಯ ರಾಜಕಾರಣಿಯೊಬ್ಬರ ನಿವೃತ್ತಿಯ ಸುದ್ದಿ ಬಂದಾಗ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದೇ. ಇದು ದಣಿವೋ, ಮುನಿಸೋ, ಚೌಕಾಸಿಯೋ? ಉತ್ತರ ಹುಡುಕಲು ಆ ವ್ಯಕ್ತಿಯ ಸ್ವಭಾವವನ್ನಷ್ಟೇ ನೋಡಿದರೆ ಸಾಲದು. ಪಕ್ಷದ ನಾಯಕನೊಂದಿಗೆ ಒಪ್ಪದ ಸದಸ್ಯನಿಗೆ ನಮ್ಮ ಕಾನೂನು ಮತ್ತು ಪಕ್ಷಗಳ ರಚನೆ ಯಾವ ದಾರಿಗಳನ್ನು ತೆರೆದಿಟ್ಟಿವೆ, ಯಾವುದನ್ನು ಮುಚ್ಚಿವೆ ಎಂಬುದನ್ನು ತಿಳಿಯಬೇಕು.

ಒಂದೇ ಪಟ್ಟಿ, ಮೂರು ಉತ್ತರ

ಕರ್ನಾಟಕದಲ್ಲಿ 2023ರ ಏಪ್ರಿಲ್ 11ರ ದಿನ ಇದನ್ನು ಅರಿಯಲು ಒಳ್ಳೆಯ ಉದಾಹರಣೆ. ವಿಧಾನಸಭಾ ಚುನಾವಣೆಯ ಅಧಿಸೂಚನೆ ಹೊರಬೀಳಲು ಎರಡು ದಿನ ಬಾಕಿ ಇತ್ತು. ಬಿಜೆಪಿ ಅಂದು ರಾತ್ರಿ 189 ಅಭ್ಯರ್ಥಿಗಳ ಮೊದಲ ಪಟ್ಟಿ ಪ್ರಕಟಿಸಿತು. ಅದರಲ್ಲಿ 52 ಮಂದಿ ಹೊಸಬರು. ಹೊಸಬರಿಗೆ ಜಾಗ ಮಾಡಲು ಹಳಬರು ಸರಿಯಬೇಕಿತ್ತು.

ಪಟ್ಟಿ ಬರುವ ಮೊದಲೇ ಶಿವಮೊಗ್ಗದ ಕೆ.ಎಸ್. ಈಶ್ವರಪ್ಪ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಜೆ.ಪಿ. ನಡ್ಡಾ ಅವರಿಗೆ ಕನ್ನಡದಲ್ಲಿ ಪುಟ್ಟದೊಂದು ಪತ್ರ ಬರೆದರು. ಸ್ವಇಚ್ಛೆಯಿಂದ ಚುನಾವಣಾ ರಾಜಕೀಯಕ್ಕೆ ನಿವೃತ್ತಿ ಬಯಸಿರುವುದಾಗಿಯೂ, ಯಾವ ಕ್ಷೇತ್ರಕ್ಕೂ ತಮ್ಮ ಹೆಸರು ಪರಿಗಣಿಸಬಾರದೆಂದೂ ಅದರಲ್ಲಿ ಕೋರಿದ್ದರು. ಅವರು ಶಿವಮೊಗ್ಗದಿಂದ ಐದು ಬಾರಿ ಗೆದ್ದವರು, ಉಪಮುಖ್ಯಮಂತ್ರಿ ಮತ್ತು ರಾಜ್ಯ ಘಟಕದ ಅಧ್ಯಕ್ಷರಾಗಿದ್ದವರು. ಗುತ್ತಿಗೆದಾರರೊಬ್ಬರ ಸಾವಿನ ಪ್ರಕರಣದಲ್ಲಿ ಹೆಸರು ಕೇಳಿಬಂದು 2022ರ ಏಪ್ರಿಲ್‌ನಲ್ಲಿ ಸಚಿವ ಸ್ಥಾನ ಬಿಟ್ಟಿದ್ದರು. ಪೊಲೀಸರು ಬಿ ರಿಪೋರ್ಟ್ ಸಲ್ಲಿಸಿದರು, ಅಂದರೆ ಆರೋಪಕ್ಕೆ ಪುರಾವೆ ಸಿಕ್ಕಿಲ್ಲ ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟರು. ಆದರೂ ಸಂಪುಟದ ಬಾಗಿಲು ಅವರಿಗೆ ಮತ್ತೆ ತೆರೆಯಲಿಲ್ಲ. ಆ ಅಸಮಾಧಾನವನ್ನು ಅವರು ಮುಚ್ಚಿಟ್ಟಿರಲಿಲ್ಲ.

ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಅವರಿಗೂ ವರಿಷ್ಠರಿಂದ ಫೋನ್ ಕರೆ ಬಂತು, ಬೇರೆಯವರಿಗೆ ಅವಕಾಶ ಬಿಟ್ಟುಕೊಡಿ ಎಂದು. ಮಾಜಿ ಮುಖ್ಯಮಂತ್ರಿಯಾದ ತಮ್ಮನ್ನು ಹೀಗೆ ಕೊನೆಯ ಗಳಿಗೆಯಲ್ಲಿ ಸರಿಸುವುದನ್ನು ಅವರು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿ, ಅದೇ ಕ್ಷೇತ್ರದಿಂದ ನಿಂತು ಸೋತರು. ಅಥಣಿಯ ಲಕ್ಷ್ಮಣ ಸವದಿಯೂ ಟಿಕೆಟ್ ಕೈತಪ್ಪಿದಾಗ ಕಾಂಗ್ರೆಸ್ಸಿಗೆ ಹೋದರು. ಅವರು ದೊಡ್ಡ ಅಂತರದಿಂದ ಗೆದ್ದರು.

ಪ್ರಚೋದನೆ ಒಂದೇ, ಉತ್ತರಗಳು ಬೇರೆ. ಒಬ್ಬರು ನಿವೃತ್ತಿ ಎಂದರು. ಒಬ್ಬರು ಹೊರಹೋಗಿ ಸೋತರು, ಒಂಬತ್ತು ತಿಂಗಳಲ್ಲಿ ಮರಳಿ ಬಂದು 2024ರಲ್ಲಿ ಬೆಳಗಾವಿಯ ಸಂಸದರಾದರು. ಇನ್ನೊಬ್ಬರು ಹೊರಹೋಗಿ ಗೆದ್ದು ಅಲ್ಲಿಯೇ ಉಳಿದರು. ಗಮನಿಸಬೇಕಾದ ಸಂಗತಿ ಏನೆಂದರೆ, ನಾಲ್ಕನೆಯ ಉತ್ತರವೊಂದು ಯಾರ ಕೈಯಲ್ಲೂ ಇರಲಿಲ್ಲ. ಪಕ್ಷದೊಳಗೇ ಉಳಿದು, ನಿಮ್ಮ ತೀರ್ಮಾನ ಒಪ್ಪುವುದಿಲ್ಲ, ಕ್ಷೇತ್ರದ ಸದಸ್ಯರ ಮತ ಪಡೆದು ನಿರ್ಧರಿಸೋಣ ಎನ್ನುವ ಅವಕಾಶ ಅದು.

ನಿವೃತ್ತಿ ಎಂದರೆ ಎಷ್ಟರ ಮಟ್ಟಿಗೆ?

ಸುದ್ದಿಯಲ್ಲಿ ನಿವೃತ್ತಿ ಎಂದು ಒಟ್ಟಾಗಿ ಹೇಳುವುದರಲ್ಲಿ ಮೂರು ಮಟ್ಟಗಳಿವೆ. ಮೊದಲನೆಯದು ಚುನಾವಣಾ ರಾಜಕೀಯದಿಂದ ನಿವೃತ್ತಿ. ಇನ್ನು ಸ್ಪರ್ಧಿಸುವುದಿಲ್ಲ, ಆದರೆ ಪಕ್ಷದಲ್ಲಿರುತ್ತೇನೆ, ಸಲಹೆ ಕೊಡುತ್ತೇನೆ, ಹುದ್ದೆ ಕೊಟ್ಟರೆ ಬೇಡವೆನ್ನಬೇಕಿಲ್ಲ ಎಂಬ ಅರ್ಥ ಅದಕ್ಕಿದೆ. 2023ರ ನವೆಂಬರ್‌ನಲ್ಲಿ ಡಿ.ವಿ. ಸದಾನಂದ ಗೌಡರು ಹಾಸನದಲ್ಲಿ ಘೋಷಿಸಿದ್ದೂ ಈ ಬಗೆಯದು. ಎರಡನೆಯದು ಸಕ್ರಿಯ ರಾಜಕೀಯದಿಂದ ನಿವೃತ್ತಿ. ಎಸ್.ಎಂ. ಕೃಷ್ಣ 2023ರ ಆರಂಭದಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹೇಳಿದ್ದು ಇದನ್ನು. ಮೂರನೆಯದು ಪಕ್ಷದ ಸದಸ್ಯತ್ವವನ್ನೂ ಬಿಟ್ಟು ಪೂರ್ತಿ ಹೊರಬರುವುದು.

ಮೂರನೆಯದಕ್ಕೆ ತಮಿಳುನಾಡಿನಲ್ಲೇ ಒಂದು ಉದಾಹರಣೆ ಇದೆ. ಡಿಎಂಕೆಯ ಉಪ ಪ್ರಧಾನ ಕಾರ್ಯದರ್ಶಿಯಾಗಿದ್ದ ಸುಬ್ಬುಲಕ್ಷ್ಮಿ ಜಗದೀಶನ್ 2022ರ ಸೆಪ್ಟೆಂಬರ್‌ನಲ್ಲಿ ಹುದ್ದೆಯನ್ನೂ ಪಕ್ಷವನ್ನೂ ಬಿಟ್ಟು ರಾಜಕೀಯಕ್ಕೇ ವಿದಾಯ ಹೇಳಿದರು. ಅವರು ಎಂ.ಜಿ.ಆರ್. ಸಂಪುಟದಲ್ಲೂ ಕರುಣಾನಿಧಿ ಸಂಪುಟದಲ್ಲೂ ಸಚಿವೆಯಾಗಿದ್ದವರು, ಕೇಂದ್ರದಲ್ಲೂ ರಾಜ್ಯ ಸಚಿವೆಯಾಗಿದ್ದವರು. 2021ರಲ್ಲಿ ಮೊಡಕ್ಕುರಿಚ್ಚಿ ಕ್ಷೇತ್ರದಲ್ಲಿ ಮುನ್ನೂರಕ್ಕೂ ಕಡಿಮೆ ಮತಗಳಿಂದ ಸೋತಿದ್ದರು. ಸ್ವಪಕ್ಷೀಯರೇ ತಮ್ಮ ವಿರುದ್ಧ ಕೆಲಸ ಮಾಡಿದರು, ಅದರ ಮೇಲೆ ಕ್ರಮವಾಗಲಿಲ್ಲ ಎಂಬ ಬೇಸರ ಅವರಿಗಿತ್ತೆಂದು ಆಗ ಪತ್ರಿಕೆಗಳು ಬರೆದವು. ಆದರೆ ಅವರ ಹೇಳಿಕೆಯಲ್ಲಿ ಅಂಥ ದೂರು ಇರಲಿಲ್ಲ. ಎಂ.ಕೆ. ಸ್ಟಾಲಿನ್ ಅವರ ಗೆಲುವು ಮತ್ತು ಆಡಳಿತ ತೃಪ್ತಿ ತಂದಿದೆ, ಆದ್ದರಿಂದ ಹೊರಡುತ್ತಿದ್ದೇನೆ ಎಂಬ ಧಾಟಿ ಅದರದು.

ಈಶ್ವರಪ್ಪನವರ ಪತ್ರವನ್ನೂ ಈ ಹೇಳಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ನಾಯಕರ ಬಗ್ಗೆ ಒಂದೇ ಒಂದು ಕಟುವಾದ ಮಾತಿಲ್ಲ. ಈಶ್ವರಪ್ಪನವರ ಪತ್ರದಲ್ಲಿ ಕಾರಣವೇ ಇಲ್ಲ, ಪಕ್ಷ ಕೊಟ್ಟ ಜವಾಬ್ದಾರಿಗಳಿಗೆ ಕೃತಜ್ಞತೆ ಇದೆ. ನಿವೃತ್ತಿ ಪತ್ರ ಬಹಳ ಸಲ ಹೀಗೆಯೇ ಇರುತ್ತದೆ. ಅದರಲ್ಲಿ ಬರೆದದ್ದಕ್ಕಿಂತ ಅದು ಬಂದ ಸಮಯವೇ ಹೆಚ್ಚು ಹೇಳುತ್ತದೆ. ಇನ್ನೊಂದು ವಿಷಯವೂ ನೆನಪಿರಲಿ. ಇಂಥ ಘೋಷಣೆಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ನೌಕರನ ನಿವೃತ್ತಿಯಂತೆ ಇದು ಕಡತದಲ್ಲಿ ದಾಖಲಾಗುವುದಿಲ್ಲ. ಇವತ್ತು ನಿವೃತ್ತಿ ಎಂದವರು ನಾಳೆ ನಾಮಪತ್ರ ಸಲ್ಲಿಸಿದರೆ ಚುನಾವಣಾಧಿಕಾರಿ ಅದನ್ನು ತಿರಸ್ಕರಿಸಲಾರರು.

ಬಿ ಫಾರಂ ಎಂಬ ಕಾಗದ

ನಾಯಕನಿಗೆ ಇಷ್ಟು ಬಲ ಎಲ್ಲಿಂದ ಬಂತು? ಮೊದಲ ಮೂಲ ಒಂದು ಕಾಗದ. ಚುನಾವಣಾ ಚಿಹ್ನೆಗಳ ಕುರಿತ 1968ರ ಆದೇಶದಂತೆ, ಅಭ್ಯರ್ಥಿಗೆ ಪಕ್ಷದ ಚಿಹ್ನೆ ಸಿಗಬೇಕಾದರೆ ಎರಡು ನಮೂನೆಗಳು ಬೇಕು. ಎ ಫಾರಂನಲ್ಲಿ, ಪಕ್ಷದ ಪರವಾಗಿ ಅಭ್ಯರ್ಥಿಗಳನ್ನು ಸೂಚಿಸುವ ಅಧಿಕಾರ ಯಾರಿಗಿದೆ ಎಂಬುದು ಸಹಿಯ ಮಾದರಿಯೊಂದಿಗೆ ಇರುತ್ತದೆ. ಬಿ ಫಾರಂನಲ್ಲಿ ಆ ಅಧಿಕಾರಸ್ಥರು ಇಂಥ ಕ್ಷೇತ್ರಕ್ಕೆ ಇಂಥವರೇ ನಮ್ಮ ಅಭ್ಯರ್ಥಿ ಎಂದು ಬರೆದು ಸಹಿ ಹಾಕುತ್ತಾರೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಇವು ಚುನಾವಣಾಧಿಕಾರಿಯ ಕೈ ಸೇರಬೇಕು. ನಾವು ಟಿಕೆಟ್ ಎಂದು ಕರೆಯುವುದು ಕೊನೆಗೆ ಈ ಕಾಗದವನ್ನೇ.

ಕ್ಷೇತ್ರದಲ್ಲಿ ಎಷ್ಟು ವರ್ಷ ದುಡಿದಿದ್ದಾರೆ, ಸ್ಥಳೀಯ ಕಾರ್ಯಕರ್ತರು ಯಾರನ್ನು ಬಯಸುತ್ತಾರೆ ಎಂಬುದನ್ನು ಕಾನೂನು ಕೇಳುವುದಿಲ್ಲ. ಸಹಿ ಇದೆಯೇ ಎಂದಷ್ಟೇ ಕೇಳುತ್ತದೆ. ಆ ಸಹಿಯ ಹಿಂದಿನ ತೀರ್ಮಾನ ನಮ್ಮ ಬಹುತೇಕ ಪಕ್ಷಗಳಲ್ಲಿ ನಾಲ್ಕಾರು ಜನರ ಕೈಯಲ್ಲಿದೆ, ಕೆಲವು ಪಕ್ಷಗಳಲ್ಲಿ ಒಬ್ಬರ ಕೈಯಲ್ಲಿದೆ. ಸಮಯವೂ ನಾಯಕರ ಪರವಾಗಿದೆ. 2023ರಲ್ಲಿ ಅಧಿಸೂಚನೆ ಬಂದದ್ದು ಏಪ್ರಿಲ್ 13ರಂದು, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20. ಪಟ್ಟಿ ಕೊನೆಯ ಗಳಿಗೆಯಲ್ಲಿ ಬಂದಷ್ಟೂ ಬಂಡಾಯಕ್ಕೆ ಕಾಲಾವಕಾಶ ಕಡಿಮೆ.

ಸದನದೊಳಗಿನ ಕಟ್ಟು

ಎರಡನೆಯ ಮೂಲ ಪಕ್ಷಾಂತರ ನಿಷೇಧ ಕಾನೂನು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಉದ್ದೇಶ ಒಳ್ಳೆಯದೇ ಆಗಿತ್ತು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಎಂಬ ರೀತಿಯ ಜಿಗಿತಗಳಿಂದ ಸರ್ಕಾರಗಳು ಉರುಳುತ್ತಿದ್ದ ಕಾಲವದು. ಈ ಕಾನೂನಿನಂತೆ ಶಾಸಕ ಎರಡು ಸಂದರ್ಭಗಳಲ್ಲಿ ಸ್ಥಾನ ಕಳೆದುಕೊಳ್ಳುತ್ತಾನೆ. ಒಂದು, ಪಕ್ಷದ ಸದಸ್ಯತ್ವವನ್ನು ತಾನಾಗಿ ತೊರೆದಾಗ. ಇನ್ನೊಂದು, ಪಕ್ಷದ ವಿಪ್ ಉಲ್ಲಂಘಿಸಿ ಮತ ಹಾಕಿದಾಗ ಅಥವಾ ಮತದಾನಕ್ಕೆ ಗೈರಾದಾಗ. ವಿಪ್ ಎಂದರೆ ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಲಿಖಿತ ಆಜ್ಞೆ. ಹದಿನೈದು ದಿನದೊಳಗೆ ಪಕ್ಷವೇ ಮನ್ನಿಸಿದರೆ ಮಾತ್ರ ಸ್ಥಾನ ಉಳಿಯುತ್ತದೆ.

ತಾನಾಗಿ ತೊರೆಯುವುದು ಎಂದರೆ ರಾಜೀನಾಮೆ ಪತ್ರ ಕೊಡಲೇಬೇಕೆಂದಿಲ್ಲ. ನಡವಳಿಕೆಯಿಂದಲೂ ಅದನ್ನು ಊಹಿಸಬಹುದು ಎಂದು ಸುಪ್ರೀಂ ಕೋರ್ಟ್ 1994ರ ರವಿ ನಾಯ್ಕ್ ಪ್ರಕರಣದಲ್ಲಿ ಹೇಳಿದೆ. ಪಕ್ಷವೇ ಹೊರಹಾಕಿದರೆ? ಆಗಲೂ ಬಿಡುಗಡೆ ಇಲ್ಲ. ಇದನ್ನು ತೀರ್ಮಾನಿಸಿದ ಪ್ರಕರಣ ಹುಟ್ಟಿದ್ದು ತಮಿಳುನಾಡಿನಲ್ಲಿ. ಎಐಎಡಿಎಂಕೆಯಿಂದ ಉಚ್ಚಾಟಿತರಾದ ಶಾಸಕರು ಬೇರೆ ಪಕ್ಷ ಸೇರಿದಾಗ ಅವರ ಸ್ಥಾನ ಹೋಯಿತು. 1996ರಲ್ಲಿ ಜಿ. ವಿಶ್ವನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಚ್ಚಾಟಿತನಾದರೂ, ಈ ಕಾನೂನಿನ ಕಣ್ಣಿಗೆ ಶಾಸಕ ತನ್ನನ್ನು ಗೆಲ್ಲಿಸಿದ ಪಕ್ಷಕ್ಕೇ ಸೇರಿದವನು. ಮೊದಲು ಮೂರನೇ ಒಂದು ಭಾಗದಷ್ಟು ಶಾಸಕರು ಒಟ್ಟಾಗಿ ಒಡೆದು ಹೋಗಲು ಅವಕಾಶವಿತ್ತು. 2003ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡು ಭಾಗದ ಶಾಸಕರು ಒಪ್ಪಿದ ವಿಲೀನ ಮಾತ್ರ.

ಈ ಎಲ್ಲ ನಿಯಮಗಳ ನಡುವೆ ನಿವೃತ್ತಿಯ ಘೋಷಣೆ ಎಲ್ಲಿ ನಿಲ್ಲುತ್ತದೆ ನೋಡಿ. ಅದು ಸದಸ್ಯತ್ವ ತೊರೆದಂತಲ್ಲ. ವಿಪ್ ಮುರಿದಂತಲ್ಲ. ಅಶಿಸ್ತಿನ ನೋಟಿಸಿಗೂ ಅದರಲ್ಲಿ ಕಾರಣ ಸಿಗುವುದಿಲ್ಲ. ಆದರೂ ನಾಯಕನೊಂದಿಗೆ ಎಲ್ಲವೂ ಸರಿಯಿಲ್ಲ ಎಂಬುದು ಇಡೀ ರಾಜ್ಯಕ್ಕೆ ತಿಳಿಯುತ್ತದೆ. ಒಪ್ಪಿಗೆಯಿಲ್ಲ ಎಂದು ಶಿಕ್ಷೆಯ ಭಯವಿಲ್ಲದೆ ಹೇಳಲು ಪಕ್ಷದ ಮನುಷ್ಯನಿಗೆ ಉಳಿದಿರುವ ಕೆಲವೇ ಮಾತುಗಳಲ್ಲಿ ಇದೊಂದು.

ಲಾಲ್‌ಬಾಗ್‌ನ ಗಾಜಿನ ಮನೆಯಿಂದ

ಮೂರನೆಯ ಮೂಲ ಪಕ್ಷದ ಒಳರಚನೆ. ಇದರ ಇತಿಹಾಸದಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. 1969ರ ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿಯ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿ ಅವರನ್ನು ಪಕ್ಷ ಆರಿಸಿದ್ದು ಅಲ್ಲೇ, ಇಂದಿರಾ ಅವರ ಇಷ್ಟಕ್ಕೆ ವಿರುದ್ಧವಾಗಿ. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ಹೋಯಿತು, ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಆಗಸ್ಟ್‌ನಲ್ಲಿ, ಇಂದಿರಾ ಅವರ ಆತ್ಮಸಾಕ್ಷಿಯ ಮತ ಎಂಬ ಕರೆಯ ಬಲದಿಂದ, ರೆಡ್ಡಿ ವಿರುದ್ಧ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಪಕ್ಷ ಎರಡಾಯಿತು. ಕಾಮರಾಜ್ ನಿಂತದ್ದು ನಿಜಲಿಂಗಪ್ಪನವರ ಜೊತೆ.

ಆ ದಿನಗಳಲ್ಲಿ ಪಕ್ಷಾಂತರ ನಿಷೇಧ ಕಾನೂನು ಇರಲಿಲ್ಲ. ಹಾಗಾಗಿ ಪ್ರತಿಯೊಬ್ಬ ಸಂಸದನೂ ತಾನು ಯಾರ ಜೊತೆ ಎಂದು ಸ್ವತಃ ಆರಿಸಿಕೊಂಡ. ಹೆಚ್ಚಿನವರು ಇಂದಿರಾ ಕಡೆ ಹೋದರು. 1971ರ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಸಿಕ್ಕಿದ್ದು 16 ಲೋಕಸಭಾ ಸ್ಥಾನ. ಅದೇ ವರ್ಷ ಸಾದಿಕ್ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಕ್ಷ ಒಡೆದಾಗ ಬಹುಮತ ಯಾರ ಕಡೆ ಎಂಬ ಅಳತೆಗೋಲನ್ನು ಒಪ್ಪಿತು. ಏಕೀಕೃತ ಕರ್ನಾಟಕದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪ ಕ್ರಮೇಣ ಸಕ್ರಿಯ ರಾಜಕೀಯದಿಂದ ಹಿಂದೆ ಸರಿದರು. 2000ದಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಆ ಜಗಳದಲ್ಲಿ ಯಾರು ಸರಿ ಎಂಬ ಚರ್ಚೆ ಇಲ್ಲಿ ಮುಖ್ಯವಲ್ಲ. ಪಕ್ಷದ ಸಂಸ್ಥೆ ದೊಡ್ಡದೋ, ಮತ ತರುವ ನಾಯಕ ದೊಡ್ಡವನೋ ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರ ಸಿಕ್ಕಿತು, ನಾಯಕನೇ ದೊಡ್ಡವನು ಎಂದು. 1972ರ ನಂತರ ಕಾಂಗ್ರೆಸ್ಸಿನಲ್ಲಿ ಎರಡು ದಶಕ ಸಾಂಸ್ಥಿಕ ಚುನಾವಣೆಗಳೇ ನಡೆಯಲಿಲ್ಲ. ಉಳಿದ ಪಕ್ಷಗಳೂ ಹೆಚ್ಚುಕಡಿಮೆ ಅದೇ ಜಾಡು ಹಿಡಿದವು. ಪಕ್ಷಗಳ ನೋಂದಣಿಗೆ ಸಂಬಂಧಿಸಿದ 29ಎ ಕಲಂ ಜನಪ್ರತಿನಿಧಿ ಕಾಯ್ದೆಗೆ ಬಂದದ್ದು 1989ರಲ್ಲಿ. ನಿಯತಕಾಲಕ್ಕೆ ಒಳಚುನಾವಣೆ ನಡೆಸಬೇಕೆಂದು ಚುನಾವಣಾ ಆಯೋಗ ಪಕ್ಷಗಳಿಗೆ ಹೇಳುತ್ತಲೇ ಇದೆ. ಆದರೆ ನಡೆಸದಿದ್ದರೆ? ನೋಂದಣಿ ರದ್ದು ಮಾಡುವ ಸಾಮಾನ್ಯ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿಬಿಟ್ಟಿದೆ. ಹೀಗಾಗಿ ಬಹುತೇಕ ಪಕ್ಷಗಳಲ್ಲಿ ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾಗುತ್ತಾರೆ, ಉಳಿದ ಪದಾಧಿಕಾರಿಗಳನ್ನು ಅವರೇ ನೇಮಿಸುತ್ತಾರೆ.

ಇದಕ್ಕೆ ಅಪವಾದಗಳಿಲ್ಲದಿಲ್ಲ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಗುಪ್ತ ಮತದಾನ ನಡೆಯಿತು. ನಮ್ಮ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದರು, ಶಶಿ ತರೂರ್ 1,072. ಸೋತ ತರೂರ್ ಪಕ್ಷದಲ್ಲೇ ಉಳಿದರು, ಮರುವರ್ಷ ಕಾರ್ಯಕಾರಿ ಸಮಿತಿಗೂ ಬಂದರು. ಮತ ಎಣಿಸಿ ಸೋತವನಿಗೆ ಮುಖಭಂಗದ ಭಾವ ಕಡಿಮೆ. ಫೋನ್ ಕರೆಯಲ್ಲಿ ಸರಿಸಲ್ಪಟ್ಟವನಿಗೆ ಅದು ಹೆಚ್ಚು.

ನಾಯಕರ ಮಾತಿನಲ್ಲೂ ಹುರುಳಿದೆ

ಇಷ್ಟು ಹೇಳಿದ ಮೇಲೆ ನಾಯಕರ ಕಡೆಯ ನ್ಯಾಯವನ್ನೂ ನೋಡಬೇಕು. ಹಿರಿಯರು ತಾವಾಗಿ ಜಾಗ ಬಿಡುವುದು ನಮ್ಮಲ್ಲಿ ಅಪರೂಪ. ಮೂರು ನಾಲ್ಕು ದಶಕ ಒಂದೇ ಕ್ಷೇತ್ರ ಹಿಡಿದವರ ಸುತ್ತ ಒಂದು ಬಳಗ ಬೆಳೆಯುತ್ತದೆ, ಹೊಸ ಕಾರ್ಯಕರ್ತರು ಬಾಗಿಲಲ್ಲೇ ನಿಲ್ಲುತ್ತಾರೆ. ಕೊನೆಗೆ ಬಿಟ್ಟುಕೊಟ್ಟಾಗಲೂ ಮಗನಿಗೋ ಮಗಳಿಗೋ ಎಂಬ ಷರತ್ತು ಬರುತ್ತದೆ. ಶಿವಮೊಗ್ಗದಲ್ಲಿ ಈಶ್ವರಪ್ಪನವರ ಜಾಗಕ್ಕೆ ಬಂದ ಎಸ್.ಎನ್. ಚನ್ನಬಸಪ್ಪ ಪಕ್ಷದ ಹಳೆಯ ಕಾರ್ಯಕರ್ತರು, ಅವರು ಗೆದ್ದರು. ಸರಿಸುವವರು ಇಲ್ಲದಿದ್ದರೆ ಅವರಿಗೆ ಆ ಅವಕಾಶ ಬರುತ್ತಿರಲಿಲ್ಲ. ಶಿಸ್ತೇ ಇಲ್ಲದ ಪಕ್ಷ ಸರ್ಕಾರ ನಡೆಸಲಾರದು ಎಂಬುದೂ ನಿಜ.

ನಿವೃತ್ತಿ ಘೋಷಿಸುವವರೆಲ್ಲ ತತ್ವಕ್ಕಾಗಿಯೇ ಘೋಷಿಸುತ್ತಾರೆಂದು ನಂಬುವುದೂ ಕಷ್ಟ. ಈಶ್ವರಪ್ಪನವರ ಕತೆಯ ಮುಂದಿನ ಭಾಗ ಇದನ್ನು ತೋರಿಸುತ್ತದೆ. ಪತ್ರ ಬರೆದ ಹತ್ತು ದಿನದಲ್ಲಿ ಪ್ರಧಾನಿಯೇ ಕರೆ ಮಾಡಿ ಅವರನ್ನು ಮೆಚ್ಚಿಕೊಂಡರು. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ಮಗ ಕಾಂತೇಶ್ ಅವರಿಗೆ ಹಾವೇರಿಯ ಟಿಕೆಟ್ ಸಿಗಲಿಲ್ಲ, ಅದು ಬಸವರಾಜ ಬೊಮ್ಮಾಯಿ ಅವರಿಗೆ ಹೋಯಿತು. ರಾಜ್ಯದ ಪಕ್ಷ ಒಂದೇ ಕುಟುಂಬದ ಹಿಡಿತದಲ್ಲಿದೆ ಎಂದು ಆರೋಪಿಸಿ, ಅವರು ಶಿವಮೊಗ್ಗದಲ್ಲಿ ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರ ವಿರುದ್ಧ ಪಕ್ಷೇತರರಾಗಿ ನಿಂತರು. ಪಕ್ಷ ಆರು ವರ್ಷ ಉಚ್ಚಾಟಿಸಿತು. ಸುಮಾರು 30,000 ಮತ ಬಂದವು, ಠೇವಣಿ ಉಳಿಯಲಿಲ್ಲ. ಒಂದು ವರ್ಷದ ಹಿಂದಿನ ನಿವೃತ್ತಿ ಪತ್ರದಲ್ಲಿ ಕಾಣದಿದ್ದ ಭಿನ್ನಮತ ಈಗ ಬಹಿರಂಗವಾಗಿತ್ತು. ಆದರೆ ಅದರೊಂದಿಗೆ ಮಗನ ಟಿಕೆಟ್ಟಿನ ಪ್ರಶ್ನೆಯೂ ಬೆರೆತಿತ್ತು.

ಹಿರಿಯರು ಅಧಿಕಾರ ಬಿಟ್ಟು ಪಕ್ಷ ಕಟ್ಟಬೇಕೆಂಬ ಕಾಮರಾಜ್ ಅವರ ಯೋಜನೆಯನ್ನೂ ಎಲ್ಲರೂ ತ್ಯಾಗವೆಂದು ಒಪ್ಪಿರಲಿಲ್ಲ. 1963ರಲ್ಲಿ ಅವರೊಂದಿಗೆ ಒಟ್ಟು ಆರು ಮುಖ್ಯಮಂತ್ರಿಗಳೂ ಆರು ಕೇಂದ್ರ ಸಚಿವರೂ ಸ್ಥಾನ ಬಿಟ್ಟರು. ಆ ಸಚಿವರಲ್ಲಿ ಒಬ್ಬರಾದ ಮೊರಾರ್ಜಿ ದೇಸಾಯಿ, ಇದು ತಮ್ಮನ್ನು ಪ್ರಧಾನಿ ಪಟ್ಟದ ಹಾದಿಯಿಂದ ಸರಿಸುವ ಉಪಾಯವೆಂದೇ ಭಾವಿಸಿದ್ದರು. ತಾನಾಗಿ ಬಿಡುವುದು ಮತ್ತು ಬಿಡಿಸಲ್ಪಡುವುದು ಒಂದೇ ಪಟ್ಟಿಯಲ್ಲಿ ಇರಬಹುದು ಎಂಬುದು ಆಗಲೂ ಸತ್ಯವಾಗಿತ್ತು.

ಹೊರದೇಶಗಳಲ್ಲಿ ಹೇಗೆ?

ಬ್ರಿಟನ್ನಿನಲ್ಲಿ 2019ರ ಸೆಪ್ಟೆಂಬರ್ 3ರಂದು ಆಳುವ ಕನ್ಸರ್ವೇಟಿವ್ ಪಕ್ಷದ 21 ಸಂಸದರು ಬ್ರೆಕ್ಸಿಟ್ ವಿಷಯದಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ತನ್ನ ಸಂಸದೀಯ ಗುಂಪಿನಿಂದ ಹೊರಹಾಕಿತು. ಅವರಲ್ಲಿ 1970ರಿಂದ ಸಂಸದರಾಗಿದ್ದ ಕೆನ್ ಕ್ಲಾರ್ಕ್ ಕೂಡ ಇದ್ದರು. ಅವರು ಮುಂದಿನ ಚುನಾವಣೆಗೆ ನಿಲ್ಲದೆ ನಿವೃತ್ತರಾದರು. ಆದರೆ ಮತ ಹಾಕಿದ ಕಾರಣಕ್ಕೆ ಯಾರ ಸಂಸತ್ ಸ್ಥಾನವೂ ಹೋಗಲಿಲ್ಲ. ಚುನಾವಣೆಯವರೆಗೆ ಅವರು ಸದನದಲ್ಲಿ ಕೂತು ಮಾತಾಡಿದರು. ಮುಂದಿನ ತಿಂಗಳು ಹತ್ತು ಮಂದಿಯನ್ನು ಪಕ್ಷವೇ ಮರಳಿ ಸೇರಿಸಿಕೊಂಡಿತು.

ಅಮೆರಿಕದಲ್ಲಿ ಟಿಕೆಟ್ ಕೊಡುವ ಅಧಿಕಾರ ನಾಯಕರ ಕೈಯಲ್ಲಿಲ್ಲ. ಪಕ್ಷದ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಆದರೂ 2017ರ ಅಕ್ಟೋಬರ್‌ನಲ್ಲಿ ಅರಿಜೋನಾದ ಸೆನೆಟರ್ ಜೆಫ್ ಫ್ಲೇಕ್ ಸದನದಲ್ಲೇ ಎದ್ದು ನಿಂತು, ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ತಮ್ಮದೇ ಪಕ್ಷದವರಾದ ಅಧ್ಯಕ್ಷ ಟ್ರಂಪ್ ಅವರೊಂದಿಗೆ ಭಿನ್ನಾಭಿಪ್ರಾಯವಿದ್ದವರಿಗೆ ಆ ಪಕ್ಷದ ಪ್ರಾಥಮಿಕ ಚುನಾವಣೆ ಗೆಲ್ಲುವುದು ಕಷ್ಟವಾಗಿತ್ತು. ಒಳಚುನಾವಣೆ ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದಕ್ಕೆ ಇದು ಎಚ್ಚರಿಕೆ. ಆದರೆ ಫ್ಲೇಕ್ ತಮ್ಮ ಕಾರಣವನ್ನು ಸಭೆಯ ಮುಂದೆ ಬಿಚ್ಚಿ ಹೇಳಿದರು. ಅದರ ನಂತರವೂ ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ವಿವೇಚನೆಯಂತೆ ಮತ ಹಾಕಿದರು. ಹೊರಡುವವರು ಮೌನವಾಗಿ ಹೊರಡಬೇಕಾಗಿರಲಿಲ್ಲ.

ಮತದಾರರಿಗೆ ಇದರಿಂದ ಏನು?

ಇದೆಲ್ಲ ಪಕ್ಷದವರ ಮನೆಜಗಳ, ನಮಗೇಕೆ ಎನ್ನಿಸಬಹುದು. ಎಣ್ಣೂರನ್ನೇ ನೋಡೋಣ. ಅಳಿವೆಯ ಮೀನುಗಾರರಿಗೆ ವರ್ಷಗಳಿಂದ ಇರುವ ದೂರು ಹಾರುಬೂದಿಯದು. ವಿದ್ಯುತ್ ಸ್ಥಾವರದಿಂದ ಬೂದಿ ಸಾಗಿಸುವ ಕೊಳವೆಗಳು ಸೋರಿ ಅಳಿವೆಯ ತಳ ಮೇಲೇರುತ್ತಿದೆ, ಮೀನು ಸಿಗಡಿ ಕಡಿಮೆಯಾಗುತ್ತಿದೆ ಎಂಬ ದೂರು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದ ಜೊತೆ ಮಣಲಿಯ ಕಡೆಯಿಂದ ಎಣ್ಣೆ ಹರಿದು ಬಂದು ದೋಣಿ, ಬಲೆ, ಮನೆಯ ಗೋಡೆಗಳಿಗೆಲ್ಲ ಮೆತ್ತಿಕೊಂಡಿತು. ವಿದ್ಯುತ್ ಸ್ಥಾವರ ರಾಜ್ಯ ಸರ್ಕಾರದ್ದು. ಬಂದರು ಕೇಂದ್ರ ಸರ್ಕಾರದ್ದು. ಮಣಲಿಯ ತೈಲ ಸಂಸ್ಕರಣಾಗಾರ ಸಾರ್ವಜನಿಕ ವಲಯದ್ದು. ಇಂಥ ಊರಿನ ಶಾಸಕ ಅಥವಾ ಸಂಸದ ತನ್ನ ಜನರ ಪರವಾಗಿ ಗಟ್ಟಿಯಾಗಿ ಮಾತಾಡಿದರೆ ಆ ಮಾತು ಯಾವುದಾದರೊಂದು ಸರ್ಕಾರಕ್ಕೆ, ಬಹಳ ಸಲ ತನ್ನದೇ ಪಕ್ಷದ ಸರ್ಕಾರಕ್ಕೆ, ತಾಗುತ್ತದೆ.

ಮುಂದಿನ ಬಿ ಫಾರಂ ಒಬ್ಬರ ಸಹಿಯ ಮೇಲೆ ನಿಂತಿರುವಾಗ, ಸದನದಲ್ಲಿ ಪ್ರತಿ ಮತವೂ ವಿಪ್ ಪ್ರಕಾರವೇ ಬೀಳಬೇಕಾದಾಗ, ಆ ಪ್ರತಿನಿಧಿ ಎಷ್ಟು ದೂರ ಹೋಗಬಲ್ಲ? ರಾಯಚೂರಿನ ಉಷ್ಣ ಸ್ಥಾವರದ ಸುತ್ತಲಿನ ಹಳ್ಳಿಗಳವರೂ ಇದೇ ಪ್ರಶ್ನೆ ಕೇಳಬಹುದು. ಹಿರಿಯ ನಾಯಕನಿಗೇ ನಿವೃತ್ತಿ ಪತ್ರದ ಮರೆಯಲ್ಲಿ ನಿಂತು ಅಸಮಾಧಾನ ಹೇಳಬೇಕಾದ ಪಕ್ಷದಲ್ಲಿ, ಮೊದಲ ಬಾರಿ ಗೆದ್ದ ಶಾಸಕ ಬಾಯಿ ಬಿಡುವುದು ಹೇಗೆ?

ಪರಿಹಾರದ ದಾರಿಗಳು ಹೊಸವಲ್ಲ. ವಿಪ್‌ನ ಬಲವನ್ನು ವಿಶ್ವಾಸಮತದಂಥ, ಸರ್ಕಾರದ ಅಳಿವು ಉಳಿವಿನ ಸಂದರ್ಭಗಳಿಗೆ ಸೀಮಿತಗೊಳಿಸಬೇಕು ಎಂಬ ಅರ್ಥದ ಸಲಹೆಯನ್ನು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಕೂಡ 1992ರ ಕಿಹೋಟೊ ಹೊಲ್ಲೊಹನ್ ತೀರ್ಪಿನಲ್ಲಿ ವಿಪ್‌ಗೆ ಮಿತಿ ಇರಬೇಕೆಂದಿತ್ತು. ಪಕ್ಷಗಳ ಒಳಗಿನ ಪ್ರಜಾಪ್ರಭುತ್ವವನ್ನು ಕಾನೂನಿಗೆ ತರಬೇಕೆಂದು 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ವಿವರವಾಗಿ ಬರೆಯಿತು. ಯಾವ ಪಕ್ಷದ ಸರ್ಕಾರವೂ ಇವನ್ನು ಕೈಗೆತ್ತಿಕೊಂಡಿಲ್ಲ. ಕೈಗೆತ್ತಿಕೊಳ್ಳಬೇಕಾದವರು ನಾಯಕರು, ಕಳೆದುಕೊಳ್ಳುವವರೂ ಅವರೇ ಎಂಬುದು ಅದಕ್ಕೆ ಕಾರಣ.

ನನ್ನ ಅಭಿಪ್ರಾಯ ಇಷ್ಟು. ನಾಯಕನೊಂದಿಗೆ ಒಪ್ಪದೆ ಹಿರಿಯರೊಬ್ಬರು ನಿವೃತ್ತಿ ಘೋಷಿಸಿದಾಗ ಅವರನ್ನು ಹುತಾತ್ಮರನ್ನಾಗಿ ಮಾಡುವುದೂ ಬೇಡ, ಅವಕಾಶವಾದಿ ಎಂದು ಹಣೆಪಟ್ಟಿ ಹಚ್ಚುವುದೂ ಬೇಡ. ಕಾರಣವನ್ನು ಬಿಚ್ಚಿ ಹೇಳುವಂತೆ ಅವರನ್ನು ಕೇಳೋಣ. ದಶಕಗಟ್ಟಲೆ ಗೆಲ್ಲಿಸಿದ ಮತದಾರರಿಗೆ ಅದನ್ನು ತಿಳಿಯುವ ಹಕ್ಕಿದೆ, ಕೃತಜ್ಞತೆಯ ಎರಡು ಸಾಲುಗಳಿಂದ ಆ ಋಣ ತೀರುವುದಿಲ್ಲ. ಅಭ್ಯರ್ಥಿಯನ್ನು ಯಾರು, ಯಾವ ಸಭೆಯಲ್ಲಿ, ಎಷ್ಟು ಮತದಿಂದ ಆರಿಸಿದರು ಎಂದು ಪಕ್ಷವನ್ನೂ ಕೇಳೋಣ. ನಮ್ಮ ಹಳ್ಳಿಯ ಸಹಕಾರ ಸಂಘವೂ ಆಡಳಿತ ಮಂಡಳಿಯನ್ನು ಮತ ಹಾಕಿ ಆರಿಸುತ್ತದೆ. ದೇಶ ಆಳುವ ಪಕ್ಷಗಳು ಅಷ್ಟನ್ನಾದರೂ ಮಾಡಬೇಕು. ಸದಸ್ಯರ ಗುಪ್ತ ಮತದಾನವಿಲ್ಲದೆ ಬಿ ಫಾರಂಗೆ ಬೆಲೆಯಿಲ್ಲ ಎಂಬ ನಿಯಮ ಬಂದರೆ, ಸೋತ ಹಿರಿಯರು ಗೌರವದಿಂದ ಸರಿಯುತ್ತಾರೆ, ಗೆದ್ದ ಕಿರಿಯರು ಯಾರ ಹಂಗೂ ಇಲ್ಲದೆ ಬರುತ್ತಾರೆ. ದಣಿದವರು ನಿವೃತ್ತರಾಗಲಿ. ಒಪ್ಪದವರು ಪಕ್ಷದಲ್ಲೇ ಇದ್ದು ವಾದ ಮಾಡಲಿ. ಆ ವಾದವನ್ನು ತಾಳಿಕೊಳ್ಳುವ ಪಕ್ಷಕ್ಕೇ ನಮ್ಮ ಮತ ಕೇಳುವ ನೈತಿಕ ಬಲವಿದೆ.